ಮೊದಲು ನಿಲ್ಲುವುದು

ಲಾಂಗ್‌ಬೋರ್ಡ್ ಕಲಿಯಲು ಹೊರಟವರು ಮೊದಲು ಕೇಳುವುದು ಅದು ಎಷ್ಟು ಜೋರಾಗಿ ಓಡುತ್ತದೆ ಎಂದು. ಆಮೇಲೆ ಕೇಳುವುದು ಯಾವ ಬೋರ್ಡ್ ಕೊಳ್ಳಬೇಕು ಎಂದು. ನಿಲ್ಲಿಸುವುದು ಹೇಗೆ ಎಂಬ ಪ್ರಶ್ನೆ ನೆನಪಾಗುವುದು ಬಹುತೇಕ ಮೊಣಕೈ ತರಚಿದ ಮೇಲೆಯೇ. ಈ ಸರದಿ ತಿರುಗುಮುರುಗಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸೈಕಲ್ಲಿಗೆ ಹ್ಯಾಂಡಲ್ಲಿನಲ್ಲೇ ಬ್ರೇಕಿದೆ, ಟ್ರ್ಯಾಕ್ಟರಿಗೆ ಪೆಡಲ್ ಇದೆ, ಎತ್ತಿಗೆ ಮೂಗುದಾರವಿದೆ. ಲಾಂಗ್‌ಬೋರ್ಡಿಗೆ ಇವ್ಯಾವೂ ಇಲ್ಲ. ಅಂಗಡಿಯಿಂದ ಬರುವುದು ಒಂದು ಹಲಗೆ, ಎರಡು ಅಚ್ಚು, ನಾಲ್ಕು ಗಾಲಿ, ಅಷ್ಟೇ. ಬ್ರೇಕನ್ನು ಕಲಿಯುವವರೇ ತಮ್ಮ ಕಾಲಿನಲ್ಲಿ ತಯಾರು ಮಾಡಿಕೊಳ್ಳಬೇಕು. ಅದು ತಯಾರಾಗುವವರೆಗೆ ಆ ವಾಹನ ಪೂರ್ತಿಯಾಗಿಲ್ಲ ಎಂದೇ ತಿಳಿಯಬೇಕು. ಈ ಒಂದು ಮಾತನ್ನು ಒಪ್ಪಿಕೊಂಡರೆ ಮಿಕ್ಕ ಪ್ರಶ್ನೆಗಳಿಗೆಲ್ಲ ಉತ್ತರ ತಾನಾಗಿ ಬರುತ್ತದೆ: ಯಾವ ಬೋರ್ಡ್, ಎಂಥ ನೆಲ, ಯಾವ ಹೊತ್ತು, ಯಾರ ಜತೆ. ಅಷ್ಟೇ ಅಲ್ಲ, ದೊಡ್ಡ ನಗರದವರಿಗೆ ಮಾತ್ರ ಎಂದು ಬದಿಗೆ ಸರಿಸಿದ ಈ ಆಟ ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರದಂಥ ಊರಿಗೂ ಚೆನ್ನಾಗಿ ಒಗ್ಗುತ್ತದೆ ಎಂಬುದೂ ಗೊತ್ತಾಗುತ್ತದೆ.

ಬೋರ್ಡಿನ ರಚನೆಯಿಂದಲೇ ಆರಂಭಿಸೋಣ. ಹಾರಿ ಕುಣಿಯುವ ಆಟಕ್ಕೆ ಬಳಸುವ ಮಾಮೂಲಿ ಸ್ಕೇಟ್‌ಬೋರ್ಡ್ ಸುಮಾರು 80 ಸೆಂಟಿಮೀಟರ್ ಉದ್ದ. ಅದರ ಗಾಲಿಯ ವ್ಯಾಸ 50ರಿಂದ 54 ಮಿಲಿಮೀಟರ್; ಗಡಸುತನ 99ಎ ಆಸುಪಾಸು, ಮುಟ್ಟಿದರೆ ಕಲ್ಲಿನಂತೆ ಗಟ್ಟಿ. ಲಾಂಗ್‌ಬೋರ್ಡ್ ಸಾಮಾನ್ಯವಾಗಿ 90ರಿಂದ 120 ಸೆಂಟಿಮೀಟರ್ ಉದ್ದವಿರುತ್ತದೆ. ಗಾಲಿ 65ರಿಂದ 75 ಮಿಲಿಮೀಟರ್, ಗಡಸುತನ 78ಎಯಿಂದ 85ಎ ಒಳಗೆ, ಉಗುರಿನಿಂದ ಅದುಮಿದರೆ ತುಸು ಬಗ್ಗುವಷ್ಟು ಮೆತ್ತಗೆ. ಈ ಅಂಕಿಗಳ ಅರ್ಥ ರಸ್ತೆಯ ಮೇಲೆ ತಿಳಿಯುತ್ತದೆ. ಡಾಂಬರಿನಿಂದ ಕಿತ್ತುಬಂದ ಜೋಳದ ಕಾಳಿನಷ್ಟು ಕಡಿ ಅಡ್ಡ ಬಂದರೆ ಸಣ್ಣ ಗಟ್ಟಿ ಗಾಲಿ ಅದನ್ನು ಕಚ್ಚಿ ಗಕ್ಕನೆ ನಿಲ್ಲುತ್ತದೆ. ಬೋರ್ಡ್ ನಿಂತರೂ ಮೇಲಿದ್ದ ಮೈ ನಿಲ್ಲುವುದಿಲ್ಲ, ಮುಂದಕ್ಕೆ ಎಸೆಯಲ್ಪಡುತ್ತದೆ. ದೊಡ್ಡ ಮೆತ್ತನೆಯ ಗಾಲಿ ಅದೇ ಕಡಿಯನ್ನು ಒಳಕ್ಕೆ ಅದುಮಿಕೊಂಡು ಒಂದು ಸಣ್ಣ ಕುಲುಕಿನೊಂದಿಗೆ ದಾಟಿಬಿಡುತ್ತದೆ. ಅಂದರೆ ಎಲ್ಲಿ ನಿಲ್ಲಬೇಕೆಂಬ ತೀರ್ಮಾನ ಕಡಿಯದಾಗದೆ ಸವಾರನದಾಗಿಯೇ ಉಳಿಯುತ್ತದೆ. ಹೊಸಬರಿಗೆ ಉದ್ದನೆಯ ಬೋರ್ಡ್ ಕೊಡಬೇಕೆನ್ನುವುದಕ್ಕೆ ಇದು ಮೊದಲ ಕಾರಣ. ಎರಡನೆಯ ಕಾರಣ ಹಲಗೆಯ ಎತ್ತರ. ಅಚ್ಚನ್ನು ಹಲಗೆಯ ಕೆಳಗೆ ತಗುಲಿಸುವ ಬದಲು ಹಲಗೆಯ ತೂತಿನಲ್ಲಿ ತೂರಿಸಿ ಕೂರಿಸಿದ ‘ಡ್ರಾಪ್ ಥ್ರೂ’ ಬೋರ್ಡುಗಳು ನೆಲಕ್ಕೆ ಹತ್ತಿರವಿರುತ್ತವೆ. ನೆಲ ಹತ್ತಿರವಿದ್ದಷ್ಟೂ ಹಿಂಗಾಲನ್ನು ಕೆಳಗಿಳಿಸುವುದು ಸುಲಭ. ಕಾಲು ಸುಲಭವಾಗಿ ಇಳಿದರೆ ಬ್ರೇಕೂ ಸುಲಭ. ಬಣ್ಣ, ಚಿತ್ತಾರ, ಕಂಪನಿಯ ಹೆಸರು ಇವನ್ನೆಲ್ಲ ಬಿಟ್ಟು, ‘ಇದರ ಮೇಲಿಂದ ನನ್ನ ಕಾಲು ನೆಲಕ್ಕೆ ಎಷ್ಟು ಸಲೀಸಾಗಿ ಇಳಿಯುತ್ತದೆ’ ಎಂದು ಕೇಳಿಕೊಂಡರೆ ಆಯ್ಕೆ ಮುಗಿದಂತೆ. ಪ್ಲಾಸ್ಟಿಕ್ ಅಚ್ಚು, ಗಟ್ಟಿ ಪ್ಲಾಸ್ಟಿಕ್ ಗಾಲಿಯ ಆಟಿಕೆ ಬೋರ್ಡನ್ನು ಅಗ್ಗವೆಂದು ಕೊಳ್ಳಬಾರದು. ಅದು ತಿರುಗುವುದೂ ಇಲ್ಲ, ಕಡಿಯನ್ನು ದಾಟುವುದೂ ಇಲ್ಲ.

ಈ ಆಟದ ಚರಿತ್ರೆಯೂ ಇದೇ ಮಾತನ್ನು ಹೇಳುತ್ತದೆ. 1950ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ, ಅಲೆ ಇಲ್ಲದ ದಿನಗಳಲ್ಲಿ ನೆಲದ ಮೇಲೆಯೇ ತೇಲಬೇಕೆಂಬ ಆಸೆಯಿಂದ, ಹಲಗೆಯ ಮೇಲೆ ನಿಂತು ಅಲೆಯೇರುವ ಸರ್ಫಿಂಗ್ ಹುಡುಗರು ಹಲಗೆಗೆ ರೋಲರ್ ಸ್ಕೇಟಿನ ಗಾಲಿ ಜೋಡಿಸಿದರು. ಮೊದಲು ಕಬ್ಬಿಣದ ಗಾಲಿ, ಆಮೇಲೆ ‘ಕ್ಲೇ’ ಎಂದು ಕರೆಯುತ್ತಿದ್ದ ಗಟ್ಟಿ ಗಾಲಿ. ಎರಡಕ್ಕೂ ನೆಲದ ಹಿಡಿತವಿರಲಿಲ್ಲ, ಸಣ್ಣ ಕಲ್ಲು ಸಿಕ್ಕರೆ ಸಾಕು, ಸವಾರ ಉರುಳುತ್ತಿದ್ದ. 1960ರ ದಶಕದ ನಡುವೆ ಹುಚ್ಚಿನಂತೆ ಹಬ್ಬಿದ ಆಟ, ಗಾಯಾಳುಗಳ ಸಂಖ್ಯೆ ಏರಿ ಹಲವು ನಗರಗಳು ನಿಷೇಧ ಹೇರುತ್ತಿದ್ದಂತೆ, ಅಷ್ಟೇ ಬೇಗ ಕುಸಿಯಿತು. ಅದಕ್ಕೆ ಮರುಜೀವ ಬಂದದ್ದು 1970ರ ದಶಕದ ಆರಂಭದಲ್ಲಿ ಫ್ರಾಂಕ್ ನಾಸ್ವರ್ದಿ ಎಂಬ ಯುವಕ ಪಾಲಿಯುರೆಥೇನ್ ಗಾಲಿಗಳನ್ನು ಬೋರ್ಡಿಗೆ ತಂದ ಮೇಲೆ. ಆ ಗಾಲಿ ನೆಲವನ್ನು ಹಿಡಿಯುತ್ತಿತ್ತು, ಕಲ್ಲನ್ನು ದಾಟುತ್ತಿತ್ತು, ತಿರುವಿನಲ್ಲಿ ಜಾರುತ್ತಿರಲಿಲ್ಲ. ವೇಗಕ್ಕೆ ಮೊದಲ ಪೀಳಿಗೆಯಲ್ಲೂ ಕೊರತೆ ಇರಲಿಲ್ಲ. ಇಳಿಜಾರು ಇದ್ದಲ್ಲಿ ವೇಗ ಪುಕ್ಕಟೆ ಸಿಗುತ್ತದೆ. ಇರದೆ ಹೋದದ್ದು ಹತೋಟಿ. ಹತೋಟಿ ಬಂದ ಮೇಲೆಯೇ ಆಟ ಉಳಿಯಿತು, ಬೆಳೆಯಿತು, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನವರೆಗೂ ಹೋಯಿತು. ಒಲಿಂಪಿಕ್ಸಿಗೆ ಹೋದದ್ದು ಸಣ್ಣ ಬೋರ್ಡಿನ ಸ್ಟ್ರೀಟ್ ಮತ್ತು ಪಾರ್ಕ್ ವಿಭಾಗಗಳು ಮಾತ್ರ. ಉದ್ದನೆಯ ಬೋರ್ಡ್ ಪದಕದ ಹಂಗಿಲ್ಲದೆ ತನ್ನ ಪಾಡಿಗೆ ರಸ್ತೆಯಲ್ಲೇ ಉಳಿದಿದೆ. ಕಲಿಯುವವರಿಗೆ ಅದೂ ಒಳ್ಳೆಯದೇ, ಯಾರನ್ನೂ ಹಿಂದೆ ಹಾಕಬೇಕಾದ ಅವಸರವಿಲ್ಲ.

ಇಳಿಜಾರಿನ ವೇಗ ಪುಕ್ಕಟೆ ಎಂದೆ. ಅದು ಎಷ್ಟು ಎಂಬ ಲೆಕ್ಕವನ್ನು ಹೈಸ್ಕೂಲಿನ ಭೌತಶಾಸ್ತ್ರವೇ ಕೊಡುತ್ತದೆ. ಗಾಳಿಯ ಮತ್ತು ನೆಲದ ತಡೆಯನ್ನು ಬದಿಗಿಟ್ಟರೆ, ಒಟ್ಟು ಒಂದು ಮೀಟರ್ ಕೆಳಗಿಳಿದ ಬೋರ್ಡ್ ಗಂಟೆಗೆ ಸುಮಾರು 16 ಕಿಲೋಮೀಟರ್ ವೇಗ ಪಡೆಯುತ್ತದೆ. ನಾಲ್ಕು ಮೀಟರ್ ಇಳಿದರೆ ಅದು 32 ಕಿಲೋಮೀಟರ್. ತಡೆಯಿಂದಾಗಿ ನಿಜದ ರಸ್ತೆಯಲ್ಲಿ ವೇಗ ಇದಕ್ಕಿಂತ ಕಡಿಮೆಯೇ ಇರುತ್ತದೆ, ಆದರೆ ಮಿತಿ ಎಲ್ಲಿದೆಯೆಂದು ತಿಳಿಯಲು ಈ ಲೆಕ್ಕ ಸಾಕು. 16 ಕಿಲೋಮೀಟರ್ ವೇಗದಲ್ಲಿ ಆರೋಗ್ಯವಂತ ಹುಡುಗನೋ ಹುಡುಗಿಯೋ ಬೋರ್ಡಿನಿಂದ ಜಿಗಿದು ನಾಲ್ಕು ಹೆಜ್ಜೆ ಓಡಿ ಸಾವರಿಸಿಕೊಳ್ಳಬಹುದು. 32ರಲ್ಲಿ ಅಷ್ಟು ವೇಗವಾಗಿ ಓಡುವ ಕಾಲು ಸಾಮಾನ್ಯರಿಗೆ ಇರುವುದಿಲ್ಲ, ಜಿಗಿದವರು ಬೀಳುತ್ತಾರೆ. ವೇಗ ಎರಡರಷ್ಟಾದರೆ ಮೈಯಲ್ಲಿ ತುಂಬಿಕೊಂಡ ಚಲನಶಕ್ತಿ ನಾಲ್ಕರಷ್ಟು. ಕಾಲಿನ ಬ್ರೇಕಾಗಲೀ ಮೊಣಕಾಲಿನ ಚರ್ಮವಾಗಲೀ ಅಷ್ಟನ್ನೂ ಅರಗಿಸಿಕೊಳ್ಳಬೇಕು. ಆದ್ದರಿಂದ ಹೊಸಬರ ನೆಲಕ್ಕೆ ಒಂದು ಸರಳ ನಿಯಮ ಸಾಕು: ಹೊರಟ ಜಾಗಕ್ಕೂ ನಿಲ್ಲುವ ಜಾಗಕ್ಕೂ ಇರುವ ಎತ್ತರದ ವ್ಯತ್ಯಾಸ ದೊಡ್ಡವರ ಸೊಂಟದ ಎತ್ತರವನ್ನು ಮೀರಬಾರದು, ಕೊನೆಯಲ್ಲಿ ನೆಲ ಸಮತಟ್ಟಾಗಿರಬೇಕು. ಮೊದಲ ವಾರಗಳಲ್ಲಂತೂ ಅದೂ ಬೇಡ. ಖಾಲಿ ಬೋರ್ಡನ್ನು ನೆಲದ ಮೇಲಿಟ್ಟು ಕೈ ಬಿಡಬೇಕು; ತಾನಾಗಿ ಹೊರಟುಹೋದರೆ ಆ ಜಾಗ ಇನ್ನೂ ನಮ್ಮದಲ್ಲ.

ಇನ್ನು ನಿಲ್ಲುವ ಬಗೆ. ಮೊದಲು ಬೋರ್ಡಿನ ಕೆಳಗೆ ಮಡಚಿದ ಗೋಣಿಚೀಲ ಹಾಸಿ, ಗಾಲಿ ತಿರುಗದಂತೆ ಮಾಡಿ, ಅದರ ಮೇಲೆ ಬರಿದೆ ನಿಲ್ಲಬೇಕು. ಎಡಗಾಲು ಮುಂದೋ ಬಲಗಾಲು ಮುಂದೋ ಎಂಬುದನ್ನು ಮೈಯೇ ಹೇಳುತ್ತದೆ, ಎರಡರಲ್ಲಿ ಯಾವುದೂ ತಪ್ಪಲ್ಲ. ಆಮೇಲೆ ಮುಂಗಾಲಿನ ಬೆರಳು ಬೋರ್ಡ್ ಹೋಗುವ ದಿಕ್ಕಿಗೆ ತಿರುಗಿಸಿ, ಆ ಮೊಣಕಾಲನ್ನು ಬಗ್ಗಿಸಿ, ಮೈತೂಕವನ್ನೆಲ್ಲ ಅದರ ಮೇಲೆ ತಂದುಕೊಂಡು, ಹಿಂಗಾಲನ್ನು ನಿಧಾನವಾಗಿ ನೆಲಕ್ಕೆ ಇಳಿಸಬೇಕು. ಇಡೀ ಆಟ ಇರುವುದು ಇಲ್ಲಿ. ತೂಕ ಹಿಂದೆ ಉಳಿದಿದ್ದರೆ ಕಾಲು ಇಳಿಯುವುದೇ ಇಲ್ಲ, ದೊಪ್ಪನೆ ಬೀಳುತ್ತದೆ. ನೆಲ ಆ ಕಾಲನ್ನು ಹಿಂದಕ್ಕೆ ಎಳೆಯುತ್ತದೆ, ಬೋರ್ಡ್ ಮುಂದಕ್ಕೆ ಹೋಗುತ್ತದೆ, ಸವಾರ ನಡುವೆ ಸಿಗುತ್ತಾನೆ. ತೂಕ ಮುಂಗಾಲಿನ ಮೇಲಿದ್ದರೆ ಹಿಂಗಾಲಿನ ಅಂಗಾಲು ಪೂರ್ತಿಯಾಗಿ, ಚಪ್ಪಟೆಯಾಗಿ, ನೆಲವನ್ನು ಸವರುತ್ತಾ ಇಳಿಯುತ್ತದೆ. ಮೊದಲು ಸವರುವುದು, ಆಮೇಲೆ ಒತ್ತುವುದು, ಆಮೇಲೆ ಇನ್ನಷ್ಟು ಒತ್ತುವುದು. ಹಿಮ್ಮಡಿ ಮೊದಲು ತಾಗಿದರೆ ಕಾಲು ಪುಟಿಯುತ್ತದೆ, ಬೆರಳ ತುದಿ ಮೊದಲು ತಾಗಿದರೆ ಮಡಚಿಕೊಳ್ಳುತ್ತದೆ. ಚಪ್ಪಲಿಯಲ್ಲಿ ಇದು ಆಗದ ಕೆಲಸ. ಚಪ್ಪಟೆ ತಳದ ಕ್ಯಾನ್ವಾಸ್ ಬೂಟು ಬೇಕು, ತಳ ಬೇಗ ಸವೆಯುತ್ತದೆಂದು ಗೊತ್ತಿದ್ದೇ ಹಾಕಿಕೊಳ್ಳಬೇಕು. ನಡಿಗೆಯ ವೇಗದಲ್ಲಿ ಎರಡು ಸಲ ತಳ್ಳಿ, ಸುಣ್ಣದಿಂದ ಎಳೆದ ಗೆರೆಯ ಮೇಲೆ ಮುಂದಿನ ಗಾಲಿ ನಿಲ್ಲುವಂತೆ ಮಾಡುವುದು ಮೊದಲ ಪರೀಕ್ಷೆ. ಗೆರೆ ದಾಟದೆ ನಿಲ್ಲಲು ಬಂದವರಿಗೆ ಇನ್ನೊಂದು ತಳ್ಳು ಹೆಚ್ಚಿಗೆ ಕೊಡಬಹುದು. ವೇಗ ಹೀಗೆ ನಿಲುಗಡೆಯ ಹಿಂದೆ ಹಿಂದೆ ಬರಬೇಕು, ಎಂದೂ ಅದರ ಮುಂದೆ ಹೋಗಬಾರದು.

ಈ ತೂಕದ ಪಾಠ ಬರೀ ಬ್ರೇಕಿಗಲ್ಲ. ಇಳಿಜಾರಿನಲ್ಲಿ ವೇಗ ಹೆಚ್ಚಿದಾಗ ಕೆಲವೊಮ್ಮೆ ಬೋರ್ಡ್ ಎಡಕ್ಕೂ ಬಲಕ್ಕೂ ತಾನಾಗಿ ಅದುರತೊಡಗುತ್ತದೆ. ಹೆದರಿದ ಮೈ ಸಹಜವಾಗಿ ಹಿಂದಕ್ಕೆ ವಾಲುತ್ತದೆ, ಕಾಲು ಬಿಗಿಯುತ್ತದೆ, ಹಿಂದಿನ ಅಚ್ಚಿನ ಮೇಲೆ ಭಾರ ಬಿದ್ದು ಅದುರಾಟ ಇನ್ನೂ ಹೆಚ್ಚುತ್ತದೆ. ಪರಿಹಾರ ಇದಕ್ಕೆ ಉಲ್ಟಾ: ಮೊಣಕಾಲು ಸಡಿಲಿಸಿ ತೂಕವನ್ನು ಮುಂದಕ್ಕೆ ತರಬೇಕು. ಇದನ್ನು ಓದಿ ತಿಳಿದರೆ ಸಾಲದು, ಹೆದರಿಕೆಯ ಕ್ಷಣದಲ್ಲಿ ಮೈಗೆ ನೆನಪಾಗಬೇಕು. ನಿಧಾನದಲ್ಲಿ ಸಾವಿರ ಸಲ ಮುಂಗಾಲಿನ ಮೇಲೆ ನಿಂತು ಬ್ರೇಕ್ ಹಾಕಿದ ಮೈಗೆ ಮಾತ್ರ ಅದು ನೆನಪಾಗುತ್ತದೆ. ಬೀಳುವುದೂ ಇದೇ ಪಾಠದ ಭಾಗ. ಬೀಳುವವರು ಸಾಮಾನ್ಯವಾಗಿ ಕೈ ಚಾಚಿ ಅಂಗೈ ಊರುತ್ತಾರೆ, ಮೈಭಾರವೆಲ್ಲ ಮಣಿಕಟ್ಟಿನ ಸಣ್ಣ ಮೂಳೆಗಳ ಮೇಲೆ ಬೀಳುತ್ತದೆ. ಮೊಣಕಾಲು ಬಗ್ಗಿಸಿ, ತಗ್ಗಾಗಿ, ಭುಜದ ಮೇಲೆ ಉರುಳಲು ಹುಲ್ಲಿನ ಮೇಲೋ ಮರಳಿನ ಮೇಲೋ ಮೊದಲೇ ಅಭ್ಯಾಸ ಮಾಡಬೇಕು. ಮಣಿಕಟ್ಟಿಗೆ, ಮೊಣಕಾಲಿಗೆ, ಮೊಣಕೈಗೆ ಕಾಪು ಹಾಕಬೇಕು. ಹೆಲ್ಮೆಟ್ ವಿಚಾರದಲ್ಲಿ ಚರ್ಚೆಯೇ ಇಲ್ಲ. ಈ ಸೀಮೆಯಲ್ಲಿ ತಲೆಗೆ ಜೋರು ಪೆಟ್ಟಾದರೆ ಬೀದರಿಗೋ ಕಲಬುರಗಿಗೋ ಓಡಬೇಕು. ಆ ದಾರಿಯ ಉದ್ದ ತಿಳಿದವರು ಹೆಲ್ಮೆಟ್ಟನ್ನು ಅಲಂಕಾರವೆನ್ನುವುದಿಲ್ಲ.

ಇಷ್ಟೆಲ್ಲ ನಿಧಾನ ಮಾಡಿದರೆ ಮಕ್ಕಳಿಗೆ ಬೇಸರ ಬಂದು ಬೋರ್ಡನ್ನು ಮೂಲೆಗೆಸೆಯುತ್ತಾರೆ, ಧೈರ್ಯದಿಂದ ಒಮ್ಮೆ ಇಳಿದುಬಿಟ್ಟರೆ ಉಳಿದದ್ದು ತಾನಾಗಿ ಬರುತ್ತದೆ, ನಮ್ಮ ಕಡೆ ಈಜು ಕಲಿಸಿದ್ದೂ ಬಾವಿಗೆ ನೂಕಿಯೇ ಅಲ್ಲವೇ ಎಂದು ಕೇಳುವವರಿದ್ದಾರೆ. ನನ್ನ ವಾದಕ್ಕೆ ಎದುರಾಗುವ ಮಾತುಗಳಲ್ಲಿ ಬಲವಾದದ್ದು ಇದೇ, ಆದ್ದರಿಂದ ಆ ಬಾವಿಯನ್ನೇ ಸರಿಯಾಗಿ ನೋಡೋಣ. ನೂಕಿದ್ದು ನಿಜ. ಆದರೆ ನೂಕುವ ಮೊದಲು ಹುಡುಗನ ಸೊಂಟಕ್ಕೆ ಹಗ್ಗ ಕಟ್ಟಿರುತ್ತಿತ್ತು, ಬೆನ್ನಿಗೆ ಒಣ ಸೋರೆಬುರುಡೆಯೋ ಖಾಲಿ ಡಬ್ಬಿಯೋ ಇರುತ್ತಿತ್ತು, ಹಗ್ಗದ ಇನ್ನೊಂದು ತುದಿ ಮಾವನದೋ ಕಾಕಾನದೋ ಕೈಯಲ್ಲಿರುತ್ತಿತ್ತು. ಮುಳುಗುವ ಹೊತ್ತಿಗೆ ಮೇಲೆತ್ತುವ ವ್ಯವಸ್ಥೆ ಮೊದಲು, ನೂಕುವುದು ಆಮೇಲೆ. ಹಗ್ಗವಿಲ್ಲದ ಬಾವಿಗೆ ಮಗನನ್ನು ಯಾರೂ ನೂಕಲಿಲ್ಲ. ಲಾಂಗ್‌ಬೋರ್ಡಿನಲ್ಲಿ ಆ ಹಗ್ಗ ಕಲಿಯುವವರ ಹಿಂಗಾಲಿನಲ್ಲಿದೆ. ಅದನ್ನು ಕಟ್ಟದೆ ಇಳಿಜಾರಿಗೆ ಬಿಡುವುದನ್ನು ಧೈರ್ಯವೆನ್ನಲಾಗದು. ಬೇಸರದ ಮಾತಿಗೂ ಉತ್ತರವಿದೆ. ನಿಧಾನವಾಗಿ ಹೋಗುವ ಲಾಂಗ್‌ಬೋರ್ಡ್ ಮಂಕಾಗಿ ಹೋಗುವುದಿಲ್ಲ. ಬೆರಳ ಕಡೆ ಒತ್ತಿದರೆ ಒಂದು ಪಕ್ಕಕ್ಕೆ, ಹಿಮ್ಮಡಿ ಕಡೆ ಒತ್ತಿದರೆ ಇನ್ನೊಂದು ಪಕ್ಕಕ್ಕೆ ತಿರುಗುತ್ತದೆ. ಹೀಗೆ ಒಂದಾದ ಮೇಲೊಂದು ತಿರುವು ತೆಗೆಯುತ್ತಾ, ರಸ್ತೆಯ ಅಗಲವನ್ನೆಲ್ಲ ಬಳಸಿಕೊಂಡು ಹಾವಿನ ಜಾಡಿನಂತೆ ಸಾಗಿದರೆ ಸಿಗುವ ಸುಖಕ್ಕೆ ಗಂಟೆಗೆ ಹತ್ತು ಕಿಲೋಮೀಟರ್ ಸಾಕು. ಆ ತಿರುವುಗಳೇ ವೇಗವನ್ನು ಕಡಿಮೆಯೂ ಮಾಡುತ್ತವೆ. ಸುಖವೂ ಹತೋಟಿಯೂ ಒಂದೇ ಚಲನೆಯಲ್ಲಿ ಸಿಗುವ ಆಟ ಇದು, ಬೇಸರಕ್ಕೆ ಜಾಗವೆಲ್ಲಿ?

ಈಗ ನೆಲದ ಮಾತು. ಕೊಹಿನೂರ, ಬಸವಕಲ್ಯಾಣ, ಹುಮನಾಬಾದ್ ಸುತ್ತಲಿನ ಸೀಮೆ ದಖ್ಖನ್ ಪ್ರಸ್ಥಭೂಮಿಯ ಎತ್ತರದ ಬಯಲು. ಒಂದು ಕಡೆ ಕೆಂಪು ಗರಸಿನ ದಿಬ್ಬ, ಇನ್ನೊಂದು ಕಡೆ ಎರೆಹೊಲ; ಘಟ್ಟದ ರಸ್ತೆಗಳ ಸುರುಳಿ ಇಳಿತ ಇಲ್ಲಿ ಕಡಿಮೆ. ವೇಗ ಬಯಸುವವರಿಗೆ ಇದು ಕೊರತೆಯಾಗಿ ಕಾಣಬಹುದು, ಕಲಿಯುವವರಿಗೆ ಇದೇ ಅನುಕೂಲ. ಹಾಗೆಂದು ಇಲ್ಲಿನ ಎಲ್ಲ ರಸ್ತೆಯೂ ಆಗದು. ಸೋಲಾಪುರ–ಹೈದರಾಬಾದ್ ಹೆದ್ದಾರಿಯಾಗಲೀ ಹುಮನಾಬಾದಿನಿಂದ ಕಲಬುರಗಿಗೆ ಹೋಗುವ ರಸ್ತೆಯಾಗಲೀ ಬೋರ್ಡಿನ ಜಾಗವೇ ಅಲ್ಲ, ಅಲ್ಲಿ ಎಷ್ಟು ಪಳಗಿದವರೂ ಇಳಿಯಬಾರದು. ಊರೊಳಗಿನ ಸಿಸಿ ರಸ್ತೆಗಳಲ್ಲಿ ಕಾಂಕ್ರೀಟಿನ ಜೋಡುಗೆರೆಗಳನ್ನು ದೊಡ್ಡ ಗಾಲಿ ದಾಟುತ್ತದೆ. ಆದರೆ ಎರಡೂ ಬದಿ ಮನೆಯ ಕಟ್ಟೆ, ಚರಂಡಿ, ಮಲಗಿದ ನಾಯಿ, ಓಡಿಬರುವ ಮಗು. ಉತ್ತಮ ಜಾಗ ಶಾಲೆಯ ಸಿಮೆಂಟ್ ಅಂಗಳ, ಶಾಲೆ ಬಿಟ್ಟ ಮೇಲೆ, ಶಾಲಾಭಿವೃದ್ಧಿ ಸಮಿತಿಯವರ (ಎಸ್‌ಡಿಎಂಸಿ) ಒಪ್ಪಿಗೆ ಪಡೆದು. ಹುಮನಾಬಾದ್ ಮತ್ತು ಬಸವಕಲ್ಯಾಣದವರಿಗೆ ಎಪಿಎಂಸಿ ಪ್ರಾಂಗಣವಿದೆ. ಆವಕ ಇಲ್ಲದ ದಿನ ಅಂಥ ವಿಶಾಲವಾದ ಗಟ್ಟಿ ನೆಲ ಇನ್ನೆಲ್ಲೂ ಸಿಗದು, ಅಲ್ಲಿಯೂ ಕೇಳಿಯೇ ಹೋಗಬೇಕು. ನೆಲದಷ್ಟೇ ಕಾಲವೂ ಮುಖ್ಯ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಯುರೆಥೇನ್ ಜಾರುತ್ತದೆ, ಕಾಲಿನ ಬ್ರೇಕೂ ಹಿಡಿಯುವುದಿಲ್ಲ. ಅಕ್ಟೋಬರಿನಲ್ಲಿ ಸೋಯಾ, ಡಿಸೆಂಬರ್–ಜನವರಿಯಲ್ಲಿ ತೊಗರಿ ರಾಶಿಯ ಹೊತ್ತು. ಹೊಲದ ಕಡೆಯ ಡಾಂಬರು ರಸ್ತೆಯ ಅರ್ಧಕ್ಕೆ ಕಾಳು ಹರಡಿರುತ್ತದೆ. ಗುಂಡನೆಯ ಕಾಳಿನ ಮೇಲೆ ಗಾಲಿ ನಿಲ್ಲದು ಎಂಬುದು ಒಂದು ಕಾರಣ, ಅದು ರೈತನ ವರ್ಷದ ದುಡಿಮೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಬೋರ್ಡನ್ನು ಕೈಯಲ್ಲಿ ಹಿಡಿದು ಬದಿಯಿಂದ ನಡೆದುಹೋಗಬೇಕು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಬರುತ್ತದೆ, ಅದರ ಚಾಲಕನಿಗೆ ಹಿಂದಿನದು ಕಾಣದು. ಏಪ್ರಿಲ್–ಮೇ ರಜೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ನಾಡಿದು, ಬೆಳಗಿನ ಆರರಿಂದ ಏಳೂವರೆಯೊಳಗೆ ಆಟ ಮುಗಿಯಬೇಕು. ಇಷ್ಟೆಲ್ಲ ‘ಬೇಡ’ಗಳ ನಡುವೆಯೂ ಉಳಿಯುವ ಜಾಗ, ಉಳಿಯುವ ಹೊತ್ತು, ಕಲಿಯುವವರಿಗೆ ಧಾರಾಳ. ನಿಲ್ಲಲು ಕಲಿಯುವುದಕ್ಕೆ ಬೇಕಾದದ್ದು ಕಿಲೋಮೀಟರುಗಟ್ಟಲೆ ರಸ್ತೆಯಲ್ಲ, ಐವತ್ತು ಮಾರು ಗಟ್ಟಿ ನೆಲ.

ಇದು ಹೊರಗಿನವರ ಆಟ, ಬೆಂಗಳೂರಿನ ಉಳ್ಳವರ ಮಕ್ಕಳಿಗೆ ಸರಿ, ನಮಗೇಕೆ ಎಂಬ ಮಾತು ಇನ್ನೊಂದು. ಹಲಗೆಗೆ ಗಾಲಿ ಕಟ್ಟಿ ಇಳಿಜಾರು ಹುಡುಕುವ ಆಸೆ ಹೊರಗಿನಿಂದ ಬಂದದ್ದಲ್ಲ. ಲಾರಿ, ಆಟೊ ಗ್ಯಾರೇಜುಗಳಲ್ಲಿ ಸವೆದು ಎಸೆದ ಬೇರಿಂಗುಗಳನ್ನು ಬೇಡಿ ತಂದು, ಹಳೆಯ ಹಲಗೆಗೆ ಮುಂದೆ ಒಂದು ಹಿಂದೆ ಎರಡು ಜೋಡಿಸಿ, ಮುಂದಿನ ಅಡ್ಡಪಟ್ಟಿಗೆ ಹಗ್ಗ ಕಟ್ಟಿ ತಿರುಗಿಸಿಕೊಂಡು ಓಡಿಸುವ ಬೇರಿಂಗ್ ಗಾಡಿಯನ್ನು ಕರ್ನಾಟಕದ ಮಕ್ಕಳು ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದಾರೆ. ಅದರ ಕರಕರ ಸದ್ದಿಗೆ ಬೈಗುಳ ತಿನ್ನದ ಓಣಿ ಇಲ್ಲ. ಲಾಂಗ್‌ಬೋರ್ಡಿನ ಗಾಲಿಯೊಳಗೆ ಇರುವುದೂ ಬೇರಿಂಗೇ: 608 ಎಂಬ ನಂಬರಿನದು, 8 ಮಿಲಿಮೀಟರ್ ತೂತು, 22 ಮಿಲಿಮೀಟರ್ ಹೊರವ್ಯಾಸ, ಸಣ್ಣ ಮೋಟರುಗಳಲ್ಲಿ ಬಳಸುವಂಥದ್ದು. ಧೂಳು ತುಂಬಿದರೆ ಬಿಚ್ಚಿ ತೊಳೆದು ಹೊಸ ಎಣ್ಣೆ ಬಿಡುವುದನ್ನು ಈ ಸೀಮೆಯ ಯಾವ ಮೆಕ್ಯಾನಿಕ್ಕಿಗೂ ಯಾರೂ ಹೇಳಿಕೊಡಬೇಕಿಲ್ಲ. ಬೇರಿಂಗ್ ಗಾಡಿಗೂ ಬ್ರೇಕ್ ಇರಲಿಲ್ಲ, ಆ ಹುಡುಗರೂ ಕಾಲನ್ನು ನೆಲಕ್ಕೆ ತೇದೇ ನಿಲ್ಲಿಸುತ್ತಿದ್ದರು. ಹಳ್ಳಿಗೆ ಹೊಂದುವುದಿಲ್ಲ ಎನ್ನುವವರಿಗೆ ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನವಾರ್ ಉತ್ತರ ಕೊಟ್ಟಿದೆ. ಆ ಬಡ ಹಳ್ಳಿಯಲ್ಲಿ 2015ರಲ್ಲಿ ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ ಅವರು ಸ್ಕೇಟ್‌ಪಾರ್ಕ್ ಕಟ್ಟಿಸಿದರು. ಅಲ್ಲಿನ ನಿಯಮಗಳು ಎರಡು: ಶಾಲೆಗೆ ಹೋಗದವರಿಗೆ ಬೋರ್ಡಿಲ್ಲ, ಸರದಿಯಲ್ಲಿ ಹುಡುಗಿಯರು ಮೊದಲು. ಅದೇ ಹಳ್ಳಿಯ ಆಶಾ ಗೋಂಡ್ 2018ರಲ್ಲಿ ಚೀನಾದ ನಾಂಜಿಂಗಿನಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ ಭಾರತದ ಪರ ಆಡಿದರು. ಅಲ್ಲಿ ಆಡಿದ್ದು ಸಣ್ಣ ಬೋರ್ಡಿನ ಆಟ, ಅದಕ್ಕೆ ಸ್ಕೇಟ್‌ಪಾರ್ಕೇ ಬೇಕಿತ್ತು. ಲಾಂಗ್‌ಬೋರ್ಡಿಗೆ ಅದೂ ಬೇಡ.

ನಮ್ಮ ರಾಜ್ಯದಲ್ಲೇ ಉದ್ದನೆಯ ಹಲಗೆಯ ಗುರುಮನೆ ಬೇಕೆಂದರೆ ಕರಾವಳಿಗೆ ಹೋಗಬೇಕು. ಶಾಂಭವಿ ನದಿ ಸಮುದ್ರ ಸೇರುವ ಮೂಲ್ಕಿಯಲ್ಲಿ 2004ರಿಂದ ಮಂತ್ರ ಸರ್ಫ್ ಕ್ಲಬ್ ಸರ್ಫಿಂಗ್ ಕಲಿಸುತ್ತಿದೆ. ಸರ್ಫಿಂಗ್ ಶಾಲೆಗಳಲ್ಲಿ ಎಲ್ಲೆಡೆಯೂ ಹೊಸಬರಿಗೆ ಕೊಡುವುದು ಎಂಟೊಂಬತ್ತು ಅಡಿಯ ಉದ್ದನೆಯ ಮೆತ್ತನೆಯ ಹಲಗೆ. ಸಣ್ಣ ಹಲಗೆ ಪಳಗಿದವರಿಗೆ. ಮೊದಲ ಪಾಠ ನಡೆಯುವುದು ಮರಳಿನ ಮೇಲೆ. ಆಮೇಲೆ ಸೊಂಟದ ನೀರಿನಲ್ಲಿ, ಬಿದ್ದರೆ ಕಾಲೂರಿ ನಿಲ್ಲುವಷ್ಟು ಆಳದಲ್ಲಿ. ಲಾಂಗ್‌ಬೋರ್ಡ್ ಹುಟ್ಟಿದ್ದೇ ಸಮುದ್ರದ ಆ ಹಲಗೆಯಿಂದ. ಕಲಿಸುವ ಕ್ರಮವನ್ನೂ ಅಲ್ಲಿಂದಲೇ ತೆಗೆದುಕೊಂಡರೆ ತಪ್ಪೇನು? ಕಾಲೂರಲು ಸಿಗುವಲ್ಲಿಯೇ ಕಲಿಯಬೇಕು ಎಂಬುದು ನೀರಿಗೂ ಒಂದೇ, ಡಾಂಬರಿಗೂ ಒಂದೇ.

ಹುಡುಗಿಯರ ಮಾತು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಅವರಿಗೆ ಅಡ್ಡಿಯಾಗುವುದು ನೆಲಕ್ಕಿಂತ ನೋಟ. ಊರ ನಡುವೆ ಬೆಳೆದ ಹುಡುಗಿ ಎಲ್ಲರೆದುರು ಬೀಳುವುದು, ಎದ್ದು ಮತ್ತೆ ಹತ್ತುವುದು ಈಗಲೂ ಸಲೀಸಲ್ಲ. ಈ ಅಡ್ಡಿ ಅಲುಗದ್ದೇನೂ ಅಲ್ಲ. 2006–07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿತು. ಹಳ್ಳಿಯಿಂದ ಹೈಸ್ಕೂಲಿಗೆ ಹುಡುಗಿಯರು ಸಾಲಾಗಿ ಸೈಕಲ್ ತುಳಿದು ಹೋಗುವುದು ಕೆಲವೇ ವರ್ಷಗಳಲ್ಲಿ ಯಾರೂ ತಿರುಗಿ ನೋಡದ ದೃಶ್ಯವಾಯಿತು. ಹಾಗಾಗಲು ಕಾರಣ, ಒಬ್ಬಳಲ್ಲ, ಎಲ್ಲರೂ ಒಟ್ಟಿಗೆ ಹೊರಟದ್ದು. ಬೆಂಗಳೂರಿನ ಆತಿತಾ ವರ್ಗೀಸ್ 2015ರಲ್ಲಿ ಗರ್ಲ್ ಸ್ಕೇಟ್ ಇಂಡಿಯಾ ಕಟ್ಟಿದ್ದರ ಹಿಂದೆಯೂ ಇದೇ ತಿಳಿವಳಿಕೆ ಇದೆ: ಒಬ್ಬ ಹುಡುಗಿ ಬೋರ್ಡ್ ಹತ್ತಿದರೆ ಅವಳನ್ನು ನೋಡುತ್ತಾರೆ, ಹತ್ತು ಮಂದಿ ಹತ್ತಿದರೆ ಆಟವನ್ನು ನೋಡುತ್ತಾರೆ. ನಿಲ್ಲುವುದನ್ನು ಮೊದಲು ಕಲಿಸುವ ಕ್ರಮ ಇಲ್ಲಿಯೂ ನೆರವಿಗೆ ಬರುತ್ತದೆ. ಶಾಲೆಯ ಅಂಗಳದಲ್ಲಿ, ಗೋಣಿಚೀಲದ ಮೇಲೆ, ಸುಣ್ಣದ ಗೆರೆಯ ಮುಂದೆ ಆರಂಭವಾಗುವ ಆಟಕ್ಕೆ ಮನೆಯವರ ಒಪ್ಪಿಗೆ ಸಿಗುವಷ್ಟು ಸುಲಭವಾಗಿ, ರಸ್ತೆಯ ಇಳಿಜಾರಿನಲ್ಲಿ ಆರಂಭವಾಗುವ ಆಟಕ್ಕೆ ಸಿಗದು. ನಲವತ್ತು ದಾಟಿದವರಿಗೂ ಈ ಮಾತು ಸಲ್ಲುತ್ತದೆ. ವಯಸ್ಸಾದ ಮೂಳೆ ಬಿದ್ದಾಗ ಮುರಿಯುತ್ತದೆ, ನಿಂತಾಗ ಮುರಿಯುವುದಿಲ್ಲ.

ಕೊನೆಗೆ ಉಳಿಯುವುದು ಖರ್ಚು ಮತ್ತು ಉಪಯೋಗದ ಪ್ರಶ್ನೆ. ಸರಿಯಾದ ಬೋರ್ಡ್ ಒಂದಕ್ಕೆ ಒಂದು ಸೈಕಲ್ಲಿನ ಬೆಲೆಯ ಆಸುಪಾಸು ಬೀಳುತ್ತದೆ, ಕೂಲಿ ಮಾಡುವ ಮನೆಗೆ ಅದು ಭಾರವೇ. ಆದರೆ ಕಲಿಯುವ ಹಂತದಲ್ಲಿ ಒಬ್ಬರಿಗೊಂದು ಬೋರ್ಡ್ ಬೇಕಿಲ್ಲ. ಒಬ್ಬಳು ಗೆರೆಯವರೆಗೆ ಹೋಗಿ ನಿಂತು ಬರುವಷ್ಟರಲ್ಲಿ ಉಳಿದವರು ಅವಳ ಮೊಣಕಾಲು ಬಗ್ಗಿತೇ, ಅಂಗಾಲು ಚಪ್ಪಟೆ ಇತ್ತೇ ಎಂದು ನೋಡಿ ಕಲಿಯುತ್ತಾರೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳು ಶುಲ್ಕವಿಲ್ಲದೆ ಅವುಗಳ ಸದಸ್ಯರಾದರು. ಪುಸ್ತಕ ಎರವಲು ಕೊಡುವ ಆ ಮೇಜಿನ ಪಕ್ಕದಲ್ಲಿ ಎರಡು ಲಾಂಗ್‌ಬೋರ್ಡ್, ನಾಲ್ಕು ಹೆಲ್ಮೆಟ್, ನಾಲ್ಕು ಜತೆ ಕಾಪು, ಒಂದು ಪಾನಾ ಇಟ್ಟರೆ ಒಂದು ಊರಿನ ಮಕ್ಕಳಿಗೆ ಸಾಕು. ಜನವಾರಿನ ಎರಡು ನಿಯಮಗಳನ್ನು ಗೋಡೆಗೆ ಅಂಟಿಸಿ, ಮೂರನೆಯದನ್ನು ನಾವು ಸೇರಿಸಬೇಕು: ಗೆರೆಯ ಮೇಲೆ ನಿಲ್ಲಲು ಬಂದವರಿಗೆ ಮಾತ್ರ ಅಂಗಳದ ಹೊರಗೆ ಬೋರ್ಡ್. ಇದರಿಂದ ನೌಕರಿ ಸಿಗುತ್ತದೆಂದು ನಾನು ಹೇಳಲಾರೆ, ಪದಕ ಬರುತ್ತದೆಂದೂ ಹೇಳಲಾರೆ. ತನ್ನ ಮೈತೂಕ ಎಲ್ಲಿದೆ ಎಂದು ಬಲ್ಲ, ಹೆದರಿದಾಗ ಹಿಂದಕ್ಕೆ ವಾಲದ, ಎಷ್ಟು ವೇಗವನ್ನು ತಾನು ತಡೆಯಬಲ್ಲೆ ಎಂಬ ಲೆಕ್ಕ ತಿಳಿದ ಮಗು ನಾಳೆ ಸೈಕಲ್ ಹತ್ತುತ್ತದೆ, ನಾಡಿದ್ದು ಬೈಕ್ ಹತ್ತುತ್ತದೆ. ಹೆದ್ದಾರಿಯ ಬದಿಯ ಊರುಗಳಿಗೆ ಆ ಲೆಕ್ಕ ತಿಳಿದ ಸವಾರರಿಗಿಂತ ದೊಡ್ಡ ಲಾಭ ಬೇಕಿಲ್ಲ. ವೇಗವನ್ನು ಕಲಿಸಲು ರಸ್ತೆಗಳೇ ಸಾಕು, ಅವು ಯಾರನ್ನೂ ಬಿಡದೆ ಕಲಿಸುತ್ತವೆ. ನಿಲ್ಲುವುದನ್ನು ಮಾತ್ರ ನಾವು ಕೂತು, ಸಮಯ ಕೊಟ್ಟು, ಮೊದಲೇ ಕಲಿಸಬೇಕು.